ಮನೆಯಲ್ಲಿ ಕಾರು ರಿಪೇರಿಗೆ ಹೈಡ್ರಾಲಿಕ್ ಪ್ರೆಸ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕಾರಿನ ಎಂಜಿನ್ ಆಯಿಲ್ ಬದಲಾಯಿಸುವುದು, ಬ್ರೇಕ್ ಪ್ಯಾಡ್ ಹಾಕುವುದು, ಏರ್ ಫಿಲ್ಟರ್ ಶುಚಿಗೊಳಿಸುವುದು ಮೊದಲಾದ ಕೆಲಸಗಳನ್ನು ಮನೆಯ ಅಂಗಳದಲ್ಲಿಯೇ ಮಾಡಿಕೊಳ್ಳುವ ಹವ್ಯಾಸಿಗಳು ರಾಜ್ಯದ ಎಲ್ಲ ನಗರಗಳಲ್ಲಿಯೂ ಇದ್ದಾರೆ. ಇಂತಹ ಕೆಲಸಗಳಿಗೆ ಸ್ಪ್ಯಾನರ್ ಸೆಟ್, ಜ್ಯಾಕ್ ಮತ್ತು ಸ್ಟ್ಯಾಂಡುಗಳಿದ್ದರೆ ಸಾಕು. ಆದರೆ ಚಕ್ರದ ಬೇರಿಂಗ್ ಸದ್ದು ಮಾಡತೊಡಗಿದಾಗ ಅಥವಾ ಲೋವರ್ ಆರ್ಮ್‌ನ ಬುಷ್ ಹರಿದಾಗ ಈ ಸಲಕರಣೆಗಳಿಂದ ಕೆಲಸ ಸಾಗದು. ಬಿಗಿಯಾಗಿ ಕೂರಿಸಿದ ಈ ಭಾಗಗಳನ್ನು ಹೊರತೆಗೆಯಲು ಮತ್ತು ಹೊಸದನ್ನು ಕೂರಿಸಲು ಹಲವು ಟನ್‌ಗಳ ಒತ್ತಡ ಬೇಕಾಗುತ್ತದೆ. ಆಗ ಹವ್ಯಾಸಿಯ ಮುಂದೆ ಬರುವ ಪ್ರಶ್ನೆಯೇ ಹೈಡ್ರಾಲಿಕ್ ಪ್ರೆಸ್ ಕೊಳ್ಳಬೇಕೇ, ಕೊಳ್ಳುವುದಾದರೆ ಎಂಥದ್ದು ಎಂಬುದು.

ಮಾರುಕಟ್ಟೆಯಲ್ಲಿ ಪ್ರೆಸ್‌ಗಳನ್ನು ಸಾಮಾನ್ಯವಾಗಿ ಟನ್ ಲೆಕ್ಕದಲ್ಲಿ ಮಾರಲಾಗುತ್ತದೆ. ಹೀಗಾಗಿ ಹೆಚ್ಚು ಟನ್ ಎಂದರೆ ಹೆಚ್ಚು ಒಳ್ಳೆಯದು ಎಂಬ ಭಾವನೆ ಕೊಳ್ಳುವವರಲ್ಲಿ ಸಹಜವಾಗಿಯೇ ಮೂಡುತ್ತದೆ. ಆದರೆ ಜ್ಯಾಕ್ ಎಷ್ಟು ಟನ್ ಒತ್ತಬಲ್ಲದು ಎಂಬುದು ಒಂದು ವಿಷಯ, ಆ ಒತ್ತಡವನ್ನು ಚೌಕಟ್ಟು, ಪಿನ್ನು ಮತ್ತು ಕೆಳಗಿನ ಆಧಾರದ ತಟ್ಟೆಗಳು ತಾಳಿಕೊಳ್ಳಬಲ್ಲವೇ ಎಂಬುದು ಇನ್ನೊಂದು ವಿಷಯ. ಮನೆಯ ಬಳಕೆಯಲ್ಲಿ ಅಪಘಾತಕ್ಕೆ ಮತ್ತು ಹೊಸ ಬೇರಿಂಗ್ ಹಾಳಾಗುವುದಕ್ಕೆ ಕಾರಣವಾಗುವುದು ಹೆಚ್ಚಾಗಿ ಈ ಎರಡನೆಯ ವಿಷಯದ ಅಲಕ್ಷ್ಯ.

ಪ್ರೆಸ್ ಕೆಲಸ ಮಾಡುವ ಬಗೆ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬುದು 17ನೇ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್ ನಿರೂಪಿಸಿದ ನಿಯಮ. ಇದನ್ನು ಆಧರಿಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ. ಇಂದು ಗ್ಯಾರೇಜುಗಳಲ್ಲಿ ಕಾಣುವ ಪ್ರೆಸ್‌ನ ಮೂಲತತ್ವವೂ ಅದೇ ಆಗಿದೆ.

ಒಂದು ಸರಳ ಲೆಕ್ಕದಿಂದ ಇದನ್ನು ಅರ್ಥ ಮಾಡಿಕೊಳ್ಳಬಹುದು. ಕೈಪಂಪಿನ ಸಣ್ಣ ಕೊಂತದ ವಿಸ್ತೀರ್ಣ 1 ಚದರ ಸೆಂ.ಮೀ., ಕೆಲಸ ಮಾಡುವ ದೊಡ್ಡ ಕೊಂತ ಅಥವಾ ರ‍್ಯಾಮ್‌ನ ವಿಸ್ತೀರ್ಣ 30 ಚದರ ಸೆಂ.ಮೀ. ಎಂದುಕೊಳ್ಳೋಣ. ಪಂಪಿನ ಹಿಡಿಕೆಯ ಮೇಲೆ ಕೈಯಿಂದ 25 ಕೆ.ಜಿ. ಬಲ ಹಾಕಿದಾಗ, ಸನ್ನೆಯ ಅನುಪಾತ 20 ಇದ್ದರೆ, ಸಣ್ಣ ಕೊಂತದ ಮೇಲೆ 500 ಕೆ.ಜಿ. ಬಲ ಬೀಳುತ್ತದೆ. ಎಣ್ಣೆಯಲ್ಲಿ ಚದರ ಸೆಂ.ಮೀ.ಗೆ 500 ಕೆ.ಜಿ. ಒತ್ತಡ ಉಂಟಾಗಿ, ರ‍್ಯಾಮ್‌ನಲ್ಲಿ ಅದರ 30 ಪಟ್ಟು, ಅಂದರೆ 15 ಟನ್ ಬಲ ದೊರೆಯುತ್ತದೆ. ಬಲದಲ್ಲಿ ಆದ ಈ ಲಾಭಕ್ಕೆ ಚಲನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಸಣ್ಣ ಕೊಂತ 2 ಸೆಂ.ಮೀ. ಚಲಿಸಿದರೆ ರ‍್ಯಾಮ್ ಚಲಿಸುವುದು 1 ಮಿ.ಮೀ.ಗಿಂತಲೂ ಕಡಿಮೆ. ಪ್ರೆಸ್ ನಿಧಾನವಾಗಿ ಚಲಿಸುವುದಕ್ಕೆ ಕಾರಣ ಇದೇ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಸುತ್ತಿಗೆಯಿಂದ ಹೊಡೆಯುವಾಗ ಎಷ್ಟು ಬಲ ಹಾಕುತ್ತಿದ್ದೇವೆ ಎಂಬುದು ಕೈಗೆ ತಿಳಿಯುತ್ತದೆ. ಪ್ರೆಸ್‌ನಲ್ಲಿ ಹಾಗಲ್ಲ. 2 ಟನ್ನಿಗೂ 15 ಟನ್ನಿಗೂ ನಡುವೆ ಕೈಗೆ ತಿಳಿಯುವ ವ್ಯತ್ಯಾಸ ಸುಮಾರು 22 ಕೆ.ಜಿ.ಯಷ್ಟೇ. ಆದ್ದರಿಂದಲೇ ಅತಿಯಾದ ಬಲ ಬೀಳುತ್ತಿರುವುದು ಬಳಸುವವರಿಗೆ ಅರಿವಾಗುವ ಮೊದಲೇ ಯಾವುದೋ ಒಂದು ಭಾಗ ಮುರಿದಿರುತ್ತದೆ.

ಯಾವ ಕೆಲಸಗಳಿಗೆ ಬೇಕು

ಮುಂಚಕ್ರ ಚಾಲನೆಯ ಅನೇಕ ಕಾರುಗಳಲ್ಲಿ ಚಕ್ರದ ಬೇರಿಂಗನ್ನು ಸ್ಟಿಯರಿಂಗ್ ನಕಲ್‌ನ ರಂಧ್ರದೊಳಗೆ ಒತ್ತಿ ಕೂರಿಸಲಾಗಿರುತ್ತದೆ. ಆ ಬೇರಿಂಗ್‌ನ ಒಳಗೆ ಹಬ್ ಒತ್ತಿ ಕೂರಿಸಲ್ಪಟ್ಟಿರುತ್ತದೆ. ಇವೆರಡನ್ನೂ ಬಿಡಿಸಲು ಪ್ರೆಸ್ ಬೇಕು. ಲೋವರ್ ಆರ್ಮ್‌ನ ರಬ್ಬರ್ ಬುಷ್‌ಗಳು, ಕೆಲವು ಕಾರುಗಳ ಬಾಲ್ ಜಾಯಿಂಟ್‌ಗಳು, ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗ್‌ಗಳು, ಪಿಸ್ಟನ್ನಿನ ಒತ್ತಿ ಕೂರಿಸಿದ ಪಿನ್ನು ಇವೂ ಇದೇ ಸಾಲಿಗೆ ಸೇರುತ್ತವೆ. ಹಿಂಚಕ್ರ ಚಾಲನೆಯ ಜೀಪು, 2019ರಲ್ಲಿ ತಯಾರಿಕೆ ನಿಂತ ಮಾರುತಿ ಓಮ್ನಿ ಮುಂತಾದ ವಾಹನಗಳಲ್ಲಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬದಲಾಯಿಸುವಾಗಲೂ ಪ್ರೆಸ್ ಬಹಳ ಅನುಕೂಲ.

ಎಲ್ಲ ಕಾರುಗಳಿಗೂ ಇದು ಅಗತ್ಯವಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಇತ್ತೀಚಿನ ಹಲವು ಕಾರುಗಳಲ್ಲಿ ಬೇರಿಂಗ್ ಮತ್ತು ಹಬ್ ಒಂದೇ ಘಟಕವಾಗಿದ್ದು, ಬೋಲ್ಟುಗಳಿಂದ ಜೋಡಣೆಯಾಗಿರುತ್ತದೆ. ಬೋಲ್ಟು ಬಿಚ್ಚಿ ಹೊಸ ಘಟಕ ಕೂರಿಸಿದರೆ ಕೆಲಸ ಮುಗಿಯಿತು. ಹಾಗೆಯೇ ಕೆಲವು ಕಾರುಗಳ ಲೋವರ್ ಆರ್ಮ್ ಬುಷ್ ಮತ್ತು ಬಾಲ್ ಜಾಯಿಂಟ್ ಸಮೇತ ಇಡಿಯಾಗಿಯೇ ದೊರೆಯುತ್ತದೆ. ಆದ್ದರಿಂದ ಪ್ರೆಸ್ ಕೊಳ್ಳುವ ಮುನ್ನ ತಮ್ಮ ಕಾರಿನ ಸರ್ವಿಸ್ ಕೈಪಿಡಿಯನ್ನು ನೋಡಿ, ನಿಜವಾಗಿ ಒತ್ತಿ ಕೂರಿಸಬೇಕಾದ ಭಾಗಗಳು ಯಾವುವು ಎಂದು ಪಟ್ಟಿ ಮಾಡಿಕೊಳ್ಳುವುದು ಒಳಿತು. ಪಟ್ಟಿಯಲ್ಲಿ ಒಂದೋ ಎರಡೋ ಕೆಲಸಗಳಷ್ಟೇ ಇದ್ದರೆ ಪ್ರೆಸ್ ಕೊಳ್ಳುವ ಅಗತ್ಯವೇ ಬೀಳದಿರಬಹುದು.

ಎಷ್ಟು ಟನ್ ಸಾಕು

ಬೇರಿಂಗ್ ಕೂರುವ ರಂಧ್ರವನ್ನು ಬೇರಿಂಗ್‌ನ ಹೊರ ಅಳತೆಗಿಂತ ಮಿಲಿಮೀಟರಿನ ನೂರನೇ ಕೆಲವು ಭಾಗಗಳಷ್ಟು ಕಿರಿದಾಗಿ ಕೊರೆದಿರುತ್ತಾರೆ. ಈ ಸಣ್ಣ ವ್ಯತ್ಯಾಸವೇ ಬೇರಿಂಗನ್ನು ಬಿಗಿಯಾಗಿ ಹಿಡಿದಿಡುತ್ತದೆ. ಶುಚಿಯಾದ ರಂಧ್ರಕ್ಕೆ ಹೊಸ ಬೇರಿಂಗ್ ಕೂರಿಸಲು ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಕೆಲವೇ ಟನ್‌ಗಳ ಬಲ ಸಾಕಾಗುತ್ತದೆ. ಹಳೆಯದನ್ನು ಹೊರದೂಡುವುದೇ ಕಷ್ಟದ ಕೆಲಸ. ವರ್ಷಗಳ ಕಾಲ ನೀರು, ಕೆಸರು ಸೇರಿ ತುಕ್ಕು ಹಿಡಿದ ಬೇರಿಂಗ್ ಅದರ ಹಲವು ಪಟ್ಟು ಬಲ ಕೇಳಬಹುದು. ಉಪ್ಪುಗಾಳಿಯ ಕಾರವಾರ, ಉಡುಪಿ, ಮಂಗಳೂರು ಕಡೆಯ ಕಾರುಗಳಲ್ಲಿ ಇದರ ಅನುಭವ ಹೆಚ್ಚು.

ಬುಷ್, ಕ್ರಾಸ್ ಮತ್ತು ಸಣ್ಣ ಬೇರಿಂಗ್‌ಗಳಷ್ಟೇ ಕೆಲಸವಾದರೆ 10ರಿಂದ 12 ಟನ್ನಿನ ಪ್ರೆಸ್ ಸಾಕು. ಚಕ್ರದ ಬೇರಿಂಗ್ ಕೆಲಸವೂ ಇರುವುದಾದರೆ 20 ಟನ್ನಿನದು ಸೂಕ್ತ. ಅದಕ್ಕಿಂತ ಹೆಚ್ಚಿನದು ಲಾರಿ, ಟ್ರ್ಯಾಕ್ಟರುಗಳ ಕೆಲಸಕ್ಕೆ ಮೀಸಲು. ಮನೆಯಲ್ಲಿ ಅದಕ್ಕೆ ತಕ್ಕ ಕೆಲಸವೂ ಇರದು, ಸ್ಥಳವೂ ಇರದು. ಯಾವುದೇ ಪ್ರೆಸ್ಸನ್ನು ಅದರ ಗರಿಷ್ಠ ಸಾಮರ್ಥ್ಯದ ತುದಿಯಲ್ಲಿ ಸದಾ ಬಳಸುವುದು ಸರಿಯಲ್ಲವಾದ್ದರಿಂದ, ಬೇಕಾದ ಬಲಕ್ಕಿಂತ ಸ್ವಲ್ಪ ಹೆಚ್ಚಿನ ಸಾಮರ್ಥ್ಯದ್ದನ್ನು ಆರಿಸಬೇಕು. ವಿದೇಶಿ ಪ್ರೆಸ್‌ಗಳಲ್ಲಿ ನಮೂದಾದ ಟನ್ ಅಮೆರಿಕದ ಲೆಕ್ಕದ್ದಾಗಿದ್ದರೆ ಅದು 907 ಕೆ.ಜಿ.ಗೆ ಸಮ. ಆ ಲೆಕ್ಕದ 20 ಟನ್ ನಮ್ಮ ಲೆಕ್ಕದಲ್ಲಿ ಸುಮಾರು 18 ಟನ್ ಆಗುತ್ತದೆ.

ಶಾಖವನ್ನು ಬಳಸಿಕೊಂಡರೆ ಕಡಿಮೆ ಬಲದಲ್ಲಿಯೇ ಕೆಲಸ ಮುಗಿಸಬಹುದು. 72 ಮಿ.ಮೀ. ವ್ಯಾಸದ ರಂಧ್ರವಿರುವ ಉಕ್ಕಿನ ನಕಲ್‌ನ ಉಷ್ಣತೆಯನ್ನು 80 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಿದರೆ ರಂಧ್ರ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೆಲವು ಗಂಟೆ ಫ್ರೀಜರಿನಲ್ಲಿಟ್ಟರೆ ಅದು ಕೊಂಚ ಕುಗ್ಗುತ್ತದೆ. ಇಷ್ಟರಿಂದಲೇ ಬಿಗಿತದ ಬಹುಭಾಗ ಕಡಿಮೆಯಾಗುತ್ತದೆ. ನಕಲ್‌ಗೆ ಬೆಂಕಿಯ ಜ್ವಾಲೆಗಿಂತ ಹಾಟ್ ಏರ್ ಗನ್ ಉತ್ತಮ. ಗ್ರೀಸ್ ತುಂಬಿ ಸೀಲ್ ಮಾಡಿದ ಹೊಸ ಬೇರಿಂಗನ್ನು ಮಾತ್ರ ಬಿಸಿ ಮಾಡಕೂಡದು.

ಪ್ರೆಸ್‌ನ ಬಗೆಗಳು

ಮೇಜಿನ ಮೇಲೆ ಇಡುವ ಸಣ್ಣ ಪ್ರೆಸ್ ಮೊದಲ ಬಗೆ. ಅಪಾರ್ಟ್‌ಮೆಂಟ್‌ಗಳಲ್ಲಿ ಅಥವಾ ಇಕ್ಕಟ್ಟಾದ ಶೆಡ್‌ಗಳಲ್ಲಿ ಇದು ಅನುಕೂಲ. ಆದರೆ ಇದರ ಕಂಬಗಳ ನಡುವಿನ ಅಂತರ ಮತ್ತು ಎತ್ತರ ಕಡಿಮೆ ಇರುವುದರಿಂದ ಸ್ಟಿಯರಿಂಗ್ ನಕಲ್‌ನಂತಹ ಅಂಕುಡೊಂಕಾದ ಭಾಗ ಇದರಲ್ಲಿ ಹಿಡಿಸದಿರಬಹುದು. ನೆಲದ ಮೇಲೆ ನಿಲ್ಲಿಸುವ ಎರಡು ಕಂಬದ ಪ್ರೆಸ್ ಎರಡನೆಯ ಬಗೆ. ಇದರ ಅಡ್ಡತೊಲೆಯನ್ನು, ಅಂದರೆ ಹಾಸನ್ನು, ಪಿನ್ನುಗಳ ಸಹಾಯದಿಂದ ಬೇಕಾದ ಎತ್ತರಕ್ಕೆ ಏರಿಸಿ ಇಳಿಸಬಹುದು. ಕಾರು ರಿಪೇರಿಗೆ ಹೆಚ್ಚು ಉಪಯುಕ್ತವಾದದ್ದು ಇದೇ. ಒಂದೇ ಬದಿಗೆ ಕಂಬವಿರುವ ಪ್ರೆಸ್‌ಗಳೂ ಇವೆಯಾದರೂ, ಅವು ಭಾರ ಬಿದ್ದಾಗ ಬಾಯಿ ತೆರೆದಂತೆ ಬಾಗುವ ಸ್ವಭಾವದವಾದ್ದರಿಂದ ಅದೇ ಬಲಕ್ಕೆ ಹೆಚ್ಚು ದಪ್ಪನೆಯ ಉಕ್ಕು ಬೇಕಾಗುತ್ತದೆ.

ಬಲ ಒದಗಿಸುವ ವ್ಯವಸ್ಥೆಯಲ್ಲಿಯೂ ಎರಡು ಬಗೆಗಳಿವೆ. ಕಡಿಮೆ ಬೆಲೆಯ ಪ್ರೆಸ್‌ಗಳಲ್ಲಿ ಬಾಟಲ್ ಜ್ಯಾಕ್ ಇರುತ್ತದೆ. ಅದು ಚಲಿಸುವ ಅಡ್ಡತೊಲೆಯನ್ನು ಕೆಳಕ್ಕೆ ಒತ್ತುತ್ತದೆ. ಬಲ ಸಡಿಲಿಸಿದಾಗ ಎರಡೂ ಬದಿಯ ಸ್ಪ್ರಿಂಗ್‌ಗಳು ಅದನ್ನು ಮೇಲಕ್ಕೆ ಎಳೆಯುತ್ತವೆ. ಸಾಮಾನ್ಯ ಬಾಟಲ್ ಜ್ಯಾಕನ್ನು ತಲೆಕೆಳಗಾಗಿ ಬಳಸಿದರೆ ಪಂಪು ಎಣ್ಣೆಯ ಬದಲು ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೀಗಾಗಿ ಜ್ಯಾಕ್ ನೆಟ್ಟಗೆ ನಿಂತಿರುವ ವಿನ್ಯಾಸವೇ ಸರಿ. ಎರಡನೆಯ ಬಗೆಯಲ್ಲಿ ಪಂಪು ಬೇರೆ, ಸಿಲಿಂಡರ್ ಬೇರೆ. ಇವೆರಡನ್ನೂ ಅಧಿಕ ಒತ್ತಡದ ಹೋಸ್ ಪೈಪು ಜೋಡಿಸುತ್ತದೆ. ಪಂಪು ಕೈಗೆ ಎಟುಕುವ ಎತ್ತರದಲ್ಲಿರುವುದರಿಂದ ಕೆಲಸ ಸುಲಭ. ಮಾಪಕ ಅಳವಡಿಸುವುದೂ ಸುಲಭ. ಬೆಲೆ ಮಾತ್ರ ಹೆಚ್ಚು. ಏರ್ ಕಂಪ್ರೆಸರ್‌ನಿಂದ ಅಥವಾ ವಿದ್ಯುತ್ತಿನಿಂದ ನಡೆಯುವ ಪ್ರೆಸ್‌ಗಳು ದಿನವಿಡೀ ಕೆಲಸವಿರುವ ಗ್ಯಾರೇಜುಗಳಿಗೆ ತಕ್ಕವು. ವರ್ಷಕ್ಕೆ ನಾಲ್ಕಾರು ಬಾರಿ ಬಳಸುವವರಿಗೆ ಕೈಪಂಪೇ ಸುರಕ್ಷಿತ, ಏಕೆಂದರೆ ಅದರಲ್ಲಿ ಪ್ರತಿ ಹೊಡೆತದ ನಂತರವೂ ನಿಂತು ನೋಡಲು ಅವಕಾಶವಿರುತ್ತದೆ.

ಚೌಕಟ್ಟಿನ ಲೆಕ್ಕ

ರಾಜ್ಯದ ಬಹುತೇಕ ಊರುಗಳಲ್ಲಿ ವೆಲ್ಡಿಂಗ್ ಶಾಪ್‌ಗಳಿವೆ. ಉಕ್ಕಿನ ಚಾನೆಲ್ ತಂದುಕೊಟ್ಟು ಚೌಕಟ್ಟು ಮಾಡಿಸಿ, ಅದಕ್ಕೊಂದು 20 ಟನ್ನಿನ ಬಾಟಲ್ ಜ್ಯಾಕ್ ಕೂರಿಸಿಕೊಳ್ಳುವುದು ಹಣ ಉಳಿತಾಯದ ದಾರಿ ಎಂದು ಅನೇಕರು ಭಾವಿಸುತ್ತಾರೆ. ಇದು ಅಸಾಧ್ಯವೇನಲ್ಲ. ಆದರೆ ಲೆಕ್ಕವಿಲ್ಲದೆ ಮಾಡಿಸಿದರೆ ಅಪಾಯ ಖಚಿತ.

ಉದಾಹರಣೆಗೆ, ಹಾಸಿನ ಎರಡು ಬದಿಯ ಆಧಾರಗಳ ನಡುವೆ 500 ಮಿ.ಮೀ. ಅಂತರವಿದ್ದು, ಹಾಸನ್ನು ಎರಡು ಚಾನೆಲ್‌ಗಳಿಂದ ಮಾಡಿದೆ ಎಂದುಕೊಳ್ಳೋಣ. ನಡುಮಧ್ಯೆ 20 ಟನ್ ಭಾರ ಬಿದ್ದಾಗ, 100 ಮಿ.ಮೀ. ಎತ್ತರದ ಐ.ಎಸ್.ಎಂ.ಸಿ. 100 ಚಾನೆಲ್‌ಗಳಲ್ಲಿ ಉಂಟಾಗುವ ಬಾಗುವಿಕೆಯ ಒತ್ತಡ ಚದರ ಮಿ.ಮೀ.ಗೆ ಸುಮಾರು 330 ನ್ಯೂಟನ್. ಸಾಮಾನ್ಯ ಕಟ್ಟಡ ಉಕ್ಕು ಶಾಶ್ವತವಾಗಿ ಬಾಗತೊಡಗುವ ಮಿತಿ ಸುಮಾರು 250 ನ್ಯೂಟನ್. ಅಂದರೆ ಜ್ಯಾಕ್ ತನ್ನ ಪೂರ್ಣ ಬಲ ತೋರುವ ಮೊದಲೇ ಹಾಸು ಬಾಗಿರುತ್ತದೆ. ಐ.ಎಸ್.ಎಂ.ಸಿ. 125 ಬಳಸಿದರೆ ಈ ಒತ್ತಡ ಸುಮಾರು 185ಕ್ಕೆ ಇಳಿಯುತ್ತದೆಯಾದರೂ ಉಳಿಯುವ ಅಂತರ ಸಾಲದು. ಐ.ಎಸ್.ಎಂ.ಸಿ. 150 ಬಳಸಿದಾಗ ಅದು 120ರ ಆಸುಪಾಸಿಗೆ ಬಂದು, ಎರಡು ಪಟ್ಟು ಸುರಕ್ಷತೆ ಸಿಗುತ್ತದೆ. ಕಣ್ಣಿಗೆ ದಪ್ಪವಾಗಿಯೇ ಕಾಣುವ 100 ಮಿ.ಮೀ. ಚಾನೆಲ್ 10 ಟನ್ನಿನ ಪ್ರೆಸ್‌ಗೆ ಒಗ್ಗಬಹುದೇ ಹೊರತು 20 ಟನ್ನಿಗೆ ಸಲ್ಲದು.

ಪಿನ್ನುಗಳಿಗೂ ಇದೇ ಮಾತು ಅನ್ವಯಿಸುತ್ತದೆ. 20 ಟನ್ ಭಾರದಲ್ಲಿ ಪ್ರತಿ ಬದಿಗೆ 10 ಟನ್ ಬೀಳುತ್ತದೆ. ಪ್ರತಿ ಬದಿಯಲ್ಲಿ ಒಂದು ಪಿನ್ನು ಎರಡು ಕಡೆ ಕತ್ತರಿಸುವ ಬಲಕ್ಕೆ ಒಳಗಾದರೆ, 20 ಮಿ.ಮೀ. ದಪ್ಪದ ಮೃದು ಉಕ್ಕಿನ ಸರಳು ತನ್ನ ಮಿತಿಯನ್ನು ದಾಟುತ್ತದೆ. 25 ಮಿ.ಮೀ. ಸರಳು ಮಿತಿಯೊಳಗಿದ್ದರೂ ಸಾಕಷ್ಟು ಅಂತರ ಉಳಿಯುವುದಿಲ್ಲ. ಆದ್ದರಿಂದ ಅದಕ್ಕಿಂತ ದಪ್ಪನೆಯ ಅಥವಾ ಹೆಚ್ಚು ಗಟ್ಟಿ ಉಕ್ಕಿನ ಪಿನ್ನು ಬೇಕು. ಕಟ್ಟಡದ ಕಂಬಿಯ ತುಂಡನ್ನೋ ಹಳೆಯ ಬೋಲ್ಟನ್ನೋ ಪಿನ್ನಾಗಿ ಬಳಸುವ ರೂಢಿ ಸರ್ವಥಾ ಕೂಡದು. ಚೌಕಟ್ಟು ಮಾಡಿಸುವವರು ವೆಲ್ಡರ್‌ನ ಅಂದಾಜನ್ನಷ್ಟೇ ನಂಬದೆ, ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬರಿಂದ ಲೆಕ್ಕ ಪರಿಶೀಲಿಸಿಕೊಳ್ಳುವುದು ಕ್ಷೇಮ.

ಸಿದ್ಧ ಪ್ರೆಸ್ ಕೊಳ್ಳುವವರು ಮೇಲಿನ ಮತ್ತು ಕೆಳಗಿನ ಅಡ್ಡತೊಲೆಗಳು ಕಂಬಗಳಿಗೆ ಸೇರುವ ಜಾಗವನ್ನು ನೋಡಬೇಕು. ವೆಲ್ಡಿಂಗ್ ಸಾಲು ಎಲ್ಲಿಯೂ ತುಂಡಾಗದೆ, ರಂಧ್ರಗಳಿಲ್ಲದೆ ಸಮನಾಗಿರಬೇಕು. ಬೋಲ್ಟ್ ಜೋಡಣೆಯ ಚೌಕಟ್ಟಾದರೆ ಬೋಲ್ಟುಗಳ ತಲೆಯ ಮೇಲೆ 8.8 ಎಂಬ ಶ್ರೇಣಿ ಅಥವಾ ಅದಕ್ಕಿಂತ ಮೇಲಿನ ಶ್ರೇಣಿಯ ಗುರುತಿದೆಯೇ ಎಂದು ನೋಡಬೇಕು. ಕಂಬಗಳ ಎರಡು ಕರ್ಣಗಳ ಅಳತೆ ಸಮವಾಗಿದ್ದರೆ ಚೌಕಟ್ಟು ನೇರವಾಗಿದೆ ಎಂದರ್ಥ. ರ‍್ಯಾಮ್ ಹಾಸಿಗೆ ಲಂಬವಾಗಿ ಇಳಿಯಬೇಕು. ಓರೆಯಾಗಿ ಇಳಿದರೆ ಬೇರಿಂಗ್ ಸೊಟ್ಟಗೆ ಕೂತು ರಂಧ್ರವನ್ನು ಗೀರುತ್ತದೆ.

ಮಾಪಕ ಮತ್ತು ಎಣ್ಣೆ

ಬಲ ಕೈಗೆ ತಿಳಿಯದ ಕಾರಣ, ಒತ್ತಡದ ಮಾಪಕವಿರುವ ಪ್ರೆಸ್‌ಗೆ ಆದ್ಯತೆ ನೀಡಬೇಕು. ಮಾಪಕ ತೋರಿಸುವುದು ಎಣ್ಣೆಯ ಒತ್ತಡವನ್ನು. ಅದನ್ನು ರ‍್ಯಾಮ್‌ನ ವಿಸ್ತೀರ್ಣದಿಂದ ಗುಣಿಸಿದರೆ ಬಲ ಸಿಗುತ್ತದೆ. ಉದಾಹರಣೆಗೆ 6 ಸೆಂ.ಮೀ. ವ್ಯಾಸದ ಕೊಂತದ ವಿಸ್ತೀರ್ಣ ಸುಮಾರು 28 ಚದರ ಸೆಂ.ಮೀ. ಮಾಪಕ 350 ಕೆ.ಜಿ. ತೋರಿಸುತ್ತಿದ್ದರೆ ಬೀಳುತ್ತಿರುವ ಬಲ ಸುಮಾರು 10 ಟನ್. ಕೆಲವು ಮಾಪಕಗಳಲ್ಲಿ ಟನ್ ಲೆಕ್ಕವನ್ನೇ ಮುದ್ರಿಸಿರುತ್ತಾರೆ. ಮುಳ್ಳು ಏರುತ್ತಲೇ ಇದ್ದು ಭಾಗ ಮಾತ್ರ ಕದಲದಿದ್ದರೆ ಎಲ್ಲೋ ತಪ್ಪಾಗಿದೆ ಎಂಬ ಎಚ್ಚರಿಕೆಯನ್ನು ಮಾಪಕ ನೀಡುತ್ತದೆ. ಮಿತಿ ಮೀರಿದಾಗ ತಾನೇ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಇದೆಯೇ ಎಂಬುದನ್ನೂ ವಿಚಾರಿಸಬೇಕು.

ಪಂಪಿಗೆ ತಯಾರಕರು ಸೂಚಿಸಿದ ಹೈಡ್ರಾಲಿಕ್ ಎಣ್ಣೆಯನ್ನೇ ಬಳಸಬೇಕು. ಐ.ಎಸ್.ಒ. ವಿ.ಜಿ. 32 ಶ್ರೇಣಿಯ ಎಣ್ಣೆ ಇಂತಹ ಪಂಪುಗಳಲ್ಲಿ ಸಾಮಾನ್ಯ. ಮನೆಯಲ್ಲಿ ಉಳಿದ ಬ್ರೇಕ್ ಎಣ್ಣೆಯನ್ನು ಹಾಕುವುದು ದೊಡ್ಡ ತಪ್ಪು. ಅದು ಜ್ಯಾಕ್‌ನ ರಬ್ಬರ್ ಸೀಲ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ.

ಜೊತೆಗೆ ಬೇಕಾದ ಸಾಮಗ್ರಿ

ಪ್ರೆಸ್ ಒಂದರಿಂದಲೇ ಬೇರಿಂಗ್ ಬದಲಾಯಿಸಲಾಗದು. ವಿವಿಧ ಅಳತೆಯ ಉಕ್ಕಿನ ಬಿಲ್ಲೆಗಳು, ಹೊರಬರುವ ಭಾಗವನ್ನು ಒಳಗೆ ಸೇರಿಸಿಕೊಳ್ಳುವ ಕೊಳವೆಯಾಕಾರದ ಬಟ್ಟಲುಗಳು, ಹಬ್‌ಗೆ ಅಂಟಿಕೊಂಡು ಉಳಿಯುವ ಒಳಬಳೆಯನ್ನು ಬಿಡಿಸುವ ಬೇರಿಂಗ್ ಸೆಪರೇಟರ್, ಸರ್ಕ್ಲಿಪ್ ತೆಗೆಯುವ ಇಕ್ಕಳ ಇವೆಲ್ಲ ಬೇಕು. ಬಿಲ್ಲೆ, ಬಟ್ಟಲುಗಳನ್ನು ಲೇತ್ ಶಾಪ್‌ನಲ್ಲಿ ತಮ್ಮ ಕಾರಿನ ಅಳತೆಗೆ ಕಡೆಸಿಕೊಳ್ಳಬಹುದು. ಇವುಗಳ ವೆಚ್ಚವನ್ನು ಪ್ರೆಸ್‌ನ ಬೆಲೆಯೊಂದಿಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಸರಿಯಾದ ಬಟ್ಟಲಿಲ್ಲದೆ ಸಾಕೆಟ್, ಪೈಪಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಒತ್ತುವುದು ಮನೆಗಳಲ್ಲಿ ನಡೆಯುವ ಸಾಮಾನ್ಯ ತಪ್ಪು. ಗಡಸು ಉಕ್ಕಿನ ಸಾಕೆಟ್ ಇಂತಹ ಭಾರಕ್ಕೆ ಒಡೆದು ಚೂರುಗಳಾಗಿ ಸಿಡಿಯಬಹುದು.

ಹಾಸಿನ ಮೇಲಿಡುವ ಆಧಾರದ ತಟ್ಟೆಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಅಗ್ಗದ ಪ್ರೆಸ್‌ಗಳೊಂದಿಗೆ ಬರುವ ತಟ್ಟೆಗಳು ಎರಕದ ಕಬ್ಬಿಣದವಾಗಿರುವ ಸಾಧ್ಯತೆ ಇದೆ. ಎರಕದ ಕಬ್ಬಿಣ ಉಕ್ಕಿನಂತೆ ಮೊದಲು ಬಾಗಿ ಸೂಚನೆ ಕೊಡುವುದಿಲ್ಲ. ಮಿತಿ ದಾಟಿದೊಡನೆ ಒಡೆಯುತ್ತದೆ. ಅಂಚು ಒರಟಾಗಿ, ಮೈ ಮರಳಿನ ಅಚ್ಚಿನಂತೆ ತರಕಾಗಿದ್ದರೆ ಅದು ಎರಕದ್ದೆಂದು ಶಂಕಿಸಬೇಕು. ಅವುಗಳ ಬದಲು ದಪ್ಪನೆಯ ಉಕ್ಕಿನ ಹಲಗೆಯಿಂದ ಕತ್ತರಿಸಿದ ತಟ್ಟೆಗಳನ್ನು ಮಾಡಿಸಿಕೊಳ್ಳುವುದು ಸಣ್ಣ ವೆಚ್ಚದಲ್ಲಿ ದೊಡ್ಡ ರಕ್ಷಣೆ.

ಬೇರಿಂಗ್ ಕೂರಿಸುವ ಕ್ರಮ

ಹೊಸ ಬೇರಿಂಗ್ ಹಾಕಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಸದ್ದು ಬಂದರೆ ಹೆಚ್ಚಿನವರು ಬೇರಿಂಗ್‌ನ ಗುಣಮಟ್ಟವನ್ನು ದೂರುತ್ತಾರೆ. ಅನೇಕ ವೇಳೆ ನಿಜವಾದ ಕಾರಣ ಒತ್ತಿದ ರೀತಿಯಲ್ಲಿರುತ್ತದೆ. ರಂಧ್ರದೊಳಗೆ ಬೇರಿಂಗ್ ಕೂರಿಸುವಾಗ ಹೊರಬಳೆಯ ಮೇಲೆ ಮಾತ್ರ ಒತ್ತಬೇಕು. ಬೇರಿಂಗ್‌ನೊಳಗೆ ಹಬ್ ಕೂರಿಸುವಾಗ ಒಳಬಳೆಗೆ ಕೆಳಗಿನಿಂದ ಆಧಾರ ಕೊಡಬೇಕು. ಈ ಕ್ರಮ ತಪ್ಪಿದರೆ ಟನ್‌ಗಟ್ಟಲೆ ಬಲ ಒಳಗಿನ ಗುಂಡುಗಳ ಮೂಲಕ ಹಾದು, ಅವು ಉರುಳುವ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳನ್ನು ಮೂಡಿಸುತ್ತವೆ. ಕಾರು ಓಡಿದಂತೆ ಆ ಕುಳಿಗಳು ಹಿಗ್ಗಿ ಬೇರಿಂಗ್ ಸವೆಯುತ್ತದೆ. ಇಂತಹ ಬೇರಿಂಗ್ ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಕೈಕೊಟ್ಟರೆ ಪ್ರಯಾಣಿಕರ ಜೀವಕ್ಕೇ ಅಪಾಯ.

ಒತ್ತುವ ಮೊದಲು ಸರ್ಕ್ಲಿಪ್ ತೆಗೆದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಕೆಸರಿನಡಿ ಮರೆಯಾದ ಸರ್ಕ್ಲಿಪ್‌ನ ವಿರುದ್ಧ ಒತ್ತಿದರೆ ನಕಲ್ ಬಿರುಕು ಬಿಡಬಹುದು. ರಂಧ್ರವನ್ನು ಶುಚಿಗೊಳಿಸಿ, ಗೀರುಗಳಿಲ್ಲವೆಂದು ನೋಡಬೇಕು. ಎ.ಬಿ.ಎಸ್. ಇರುವ ಕಾರುಗಳಲ್ಲಿ ಬೇರಿಂಗ್‌ನ ಒಂದು ಬದಿಯಲ್ಲಿ ಕಾಂತೀಯ ಉಂಗುರ ಇರುವುದುಂಟು. ಆ ಬದಿ ಸೆನ್ಸರ್ ಕಡೆಗೇ ಇರಬೇಕು, ಅದಕ್ಕೆ ಕಬ್ಬಿಣದ ಪುಡಿ ಅಂಟಬಾರದು, ಸುತ್ತಿಗೆ ತಾಗಬಾರದು. ಒಮ್ಮೆ ಒತ್ತಿ ಹೊರತೆಗೆದ ಚಕ್ರದ ಬೇರಿಂಗನ್ನು ಮರುಬಳಕೆ ಮಾಡುವಂತಿಲ್ಲ.

ತಗಡಿನ ಲೋವರ್ ಆರ್ಮ್‌ನಿಂದ ಬುಷ್ ತೆಗೆಯುವಾಗ ಎರಡು ಕಿವಿಗಳ ನಡುವೆ ತಕ್ಕ ಉದ್ದದ ಉಕ್ಕಿನ ಆಧಾರ ಇರಿಸಬೇಕು. ಇಲ್ಲವಾದರೆ ಆರ್ಮ್ ಒಳಕ್ಕೆ ಕುಸಿಯುತ್ತದೆ. ಹೊಸ ಬುಷ್‌ನ ದಿಕ್ಕಿನ ಗುರುತನ್ನು ಹಳೆಯದರೊಂದಿಗೆ ಹೋಲಿಸಿಯೇ ಒತ್ತಬೇಕು. ಬುಷ್‌ನ ಬೋಲ್ಟನ್ನು ಕೊನೆಯ ಬಾರಿ ಬಿಗಿಗೊಳಿಸುವುದು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ. ಎತ್ತಿ ನಿಲ್ಲಿಸಿದ ಸ್ಥಿತಿಯಲ್ಲಿ ಬಿಗಿಗೊಳಿಸಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಸುರಕ್ಷತೆ

ಪ್ರೆಸ್‌ನಲ್ಲಿ ಸಿಕ್ಕ ಭಾಗ ಬಿಗಿದ ಬಿಲ್ಲಿನಂತೆ. ತುಕ್ಕು ಕಳಚಿ ಭಾಗ ಕದಲುವಾಗ ಗುಂಡು ಹಾರಿದಂತಹ ಸದ್ದು ಬರುವುದುಂಟು. ಆ ಕ್ಷಣದಲ್ಲಿ ಏನಾದರೂ ಒಡೆದರೆ ಚೂರುಗಳು ನೇರವಾಗಿ ಎದುರಿಗೆ ನಿಂತವರತ್ತ ಹಾರುತ್ತವೆ. ಆದ್ದರಿಂದ ಪಂಪು ಒತ್ತುವಾಗ ಪ್ರೆಸ್‌ನ ಎದುರು ನಿಲ್ಲದೆ ಕಂಬದ ಬದಿಗೆ ನಿಲ್ಲಬೇಕು. ಮುಖ ಪೂರ್ತಿ ಮುಚ್ಚುವ ಕವಚ, ಗಟ್ಟಿ ಬೂಟು ಧರಿಸಬೇಕು. ಎದುರಿಗೆ ದಪ್ಪನೆಯ ಪಾಲಿಕಾರ್ಬೊನೇಟ್ ಹಾಳೆಯ ಅಡ್ಡಗೋಡೆ ಅಳವಡಿಸಿದರೆ ಇನ್ನೂ ಒಳ್ಳೆಯದು. ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಬೇಕು.

ಬಲ ಬಿದ್ದಿರುವಾಗ ಭಾಗವನ್ನು ಕೈಯಿಂದ ಹಿಡಿದು ಸರಿಪಡಿಸಬಾರದು. ಸರಿಪಡಿಸಬೇಕಾದರೆ ಬಲವನ್ನು ಪೂರ್ತಿ ಇಳಿಸಬೇಕು. ಹಿಡಿಕೆಗೆ ಉದ್ದನೆಯ ಪೈಪು ತೊಡಿಸಿ ಒತ್ತುವುದು ಅಪಾಯಕರ. ಹಿಡಿಕೆಯ ಉದ್ದ ಜ್ಯಾಕ್‌ನ ಮಿತಿಗೆ ತಕ್ಕಂತೆಯೇ ಇರುತ್ತದೆ. ಸಸ್ಪೆನ್ಷನ್‌ನ ಸುರುಳಿ ಸ್ಪ್ರಿಂಗನ್ನು ಪ್ರೆಸ್‌ನಲ್ಲಿ ಅದುಮುವ ಸಾಹಸವೂ ಬೇಡ. ಜಾರಿದ ಸ್ಪ್ರಿಂಗ್ ಪ್ರಾಣಾಂತಿಕವಾಗಬಲ್ಲದು. ಹೋಸ್ ಪೈಪಿನಲ್ಲಿ ಸಣ್ಣ ಸೋರಿಕೆ ಕಂಡರೆ ಬೆರಳಿನಿಂದ ಮುಟ್ಟಿ ನೋಡಕೂಡದು. ಅಧಿಕ ಒತ್ತಡದ ಎಣ್ಣೆ ಸೂಜಿಯಂತೆ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆಯಷ್ಟೇ ಕಂಡರೂ ಅದು ತುರ್ತು ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ. ತಡಮಾಡದೆ ಆಸ್ಪತ್ರೆಗೆ ಹೋಗಿ, ಎಣ್ಣೆ ಒಳಹೊಕ್ಕಿರುವ ವಿಷಯವನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು.

ನೆಲದ ಪ್ರೆಸ್‌ಗಳನ್ನು ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಹಾಕಿ ಭದ್ರಪಡಿಸಬೇಕು. ಒತ್ತುವಾಗಿನ ಬಲ ಚೌಕಟ್ಟಿನೊಳಗೇ ಸರಿದೂಗುವುದರಿಂದ ನೆಲದ ಮೇಲೆ ಬೀಳುವುದು ಪ್ರೆಸ್‌ನ ತೂಕ ಮಾತ್ರ. ಆದರೂ ಹಿಡಿಕೆಯನ್ನು ಎಳೆಯುವಾಗ ಎತ್ತರದ ಪ್ರೆಸ್ ವಾಲುವ ಸಂಭವವಿದೆ.

ಕೊಳ್ಳುವುದೋ, ಕೂಲಿ ಕೊಡುವುದೋ

ಒಂದೇ ಕಾರಿರುವ ಮನೆಗೆ ಚಕ್ರದ ಬೇರಿಂಗ್ ಕೆಲಸ ವರ್ಷಗಳಿಗೊಮ್ಮೆ ಬರುವಂಥದ್ದು. ನಕಲ್ಲನ್ನು ಮನೆಯಲ್ಲಿಯೇ ಬಿಚ್ಚಿ, ಹೊಸ ಬೇರಿಂಗ್ ಸಮೇತ ಲೇತ್ ಶಾಪ್‌ಗೋ ಪರಿಚಿತ ಗ್ಯಾರೇಜಿಗೋ ಒಯ್ದು, ಒತ್ತುವ ಕೂಲಿಯನ್ನಷ್ಟೇ ಕೊಟ್ಟು ತರುವುದು ಇಂತಹವರಿಗೆ ಲಾಭದಾಯಕ. ಆಗಲೂ ಯಾವ ಬಳೆಯ ಮೇಲೆ ಒತ್ತಲಾಗುತ್ತಿದೆ ಎಂಬುದನ್ನು ನಿಂತು ನೋಡುವುದು ಒಳ್ಳೆಯದು. ತಿರುಪಿನ ಸರಳು ಮತ್ತು ಬಟ್ಟಲುಗಳಿರುವ ಕೈ ಉಪಕರಣದಿಂದ ನಕಲ್ಲನ್ನು ಕಾರಿನಲ್ಲಿಯೇ ಇರಿಸಿ ಬೇರಿಂಗ್ ಎಳೆದು ಕೂರಿಸುವ ಕ್ರಮವೂ ಇದೆ. ಅದು ನಿಧಾನವಾದರೂ ಕಡಿಮೆ ಸ್ಥಳದಲ್ಲಿ, ಕಡಿಮೆ ವೆಚ್ಚದಲ್ಲಿ ಆಗುತ್ತದೆ.

ಎರಡು ಮೂರು ವಾಹನಗಳನ್ನು ತಾವೇ ನೋಡಿಕೊಳ್ಳುವವರು, ಹಳೆಯ ಜೀಪು, ಕಾರುಗಳನ್ನು ಪುನರುಜ್ಜೀವನಗೊಳಿಸುವ ಹವ್ಯಾಸವುಳ್ಳವರು ಪ್ರೆಸ್ ಕೊಂಡರೆ ಸಾರ್ಥಕ. ಬೆಂಗಳೂರಿನಲ್ಲಿ ಯಂತ್ರೋಪಕರಣಗಳಿಗೆ ಎಸ್.ಜೆ.ಪಿ. ರಸ್ತೆ, ವಾಹನಗಳ ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಹೆಸರಾಗಿವೆ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗೆಲಸದ ಘಟಕಗಳು ಸಾಕಷ್ಟಿವೆ. ಎರಕ ಮತ್ತು ಹೈಡ್ರಾಲಿಕ್ ಉಪಕರಣಗಳ ತಯಾರಿಕೆಗೆ ಬೆಳಗಾವಿ ಹೆಸರುವಾಸಿ. ಅಂತರ್ಜಾಲದ ಮೂಲಕ ತರಿಸುವುದಾದರೆ ಸೀಲ್ ಕಿಟ್ ಮತ್ತು ದುರಸ್ತಿ ಎಲ್ಲಿ ಸಿಗುತ್ತದೆ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಹಣ ಕೊಡುವ ಮುನ್ನ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ಕಂಬಗಳ ನಡುವಿನ ಅಂತರ ಮತ್ತು ಹಾಸಿನ ಎತ್ತರದಲ್ಲಿ ತಮ್ಮ ಕಾರಿನ ನಕಲ್ ಹಿಡಿಸುತ್ತದೆಯೇ ಎಂದು ಅಳತೆ ಮಾಡುವುದು.

2. ಚೌಕಟ್ಟಿನ ಸಾಮರ್ಥ್ಯವನ್ನು ಜ್ಯಾಕ್‌ನ ಸಾಮರ್ಥ್ಯದಿಂದ ಪ್ರತ್ಯೇಕವಾಗಿ ವಿಚಾರಿಸಿ, ಲಿಖಿತವಾಗಿ ಪಡೆಯುವುದು.

3. ಗಟ್ಟಿ ಉಕ್ಕಿನ ತುಂಡೊಂದರ ಮೇಲೆ ಮಧ್ಯಮ ಬಲ ಹಾಕಿ ಹತ್ತು ನಿಮಿಷ ಬಿಡುವುದು. ಮಾಪಕದ ಮುಳ್ಳು ಗಮನಾರ್ಹವಾಗಿ ಇಳಿದರೆ ಅಥವಾ ರ‍್ಯಾಮ್‌ನ ಸುತ್ತ ಎಣ್ಣೆ ಕಂಡರೆ ಸೀಲ್ ದುರ್ಬಲವಾಗಿದೆ.

4. ಬಲ ಸಡಿಲಿಸಿದಾಗ ರ‍್ಯಾಮ್ ಸರಾಗವಾಗಿ ಪೂರ್ತಿ ಹಿಂದಿರುಗುತ್ತದೆಯೇ ಎಂದು ನೋಡುವುದು.

5. ಆಧಾರದ ತಟ್ಟೆಗಳು ಉಕ್ಕಿನವೇ, ಎರಕದವೇ ಎಂದು ಕೇಳುವುದು.

6. ಪಿನ್ನುಗಳ ದಪ್ಪ ಅಳೆದು, ಅವು ರಂಧ್ರಗಳಲ್ಲಿ ಸಡಿಲವಾಗಿ ಅಲುಗಾಡುವುದಿಲ್ಲವೆಂದು ಖಚಿತಪಡಿಸಿಕೊಳ್ಳುವುದು.

ಬಳಸಿದ ಪ್ರೆಸ್ ಕೊಳ್ಳುವವರು ಹಾಸಿನ ಮೇಲೆ ನೇರಪಟ್ಟಿ ಇರಿಸಿ ನಡುವೆ ಬಾಗಿದೆಯೇ ಎಂದು ನೋಡಬೇಕು. ಪಿನ್ನು ಹಾಕುವ ರಂಧ್ರಗಳು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅಥವಾ ವೆಲ್ಡಿಂಗ್ ಮೇಲೆ ಹೊಸ ಬಣ್ಣದ ತೇಪೆ ಕಂಡರೆ ಆ ಪ್ರೆಸ್ ತನ್ನ ಶಕ್ತಿ ಮೀರಿ ದುಡಿದಿದೆ ಎಂದೇ ತಿಳಿಯಬೇಕು. ಕೆಟ್ಟ ಜ್ಯಾಕನ್ನು ಬದಲಾಯಿಸುವುದು ಸುಲಭ. ಬಾಗಿದ ಚೌಕಟ್ಟನ್ನು ನೇರಗೊಳಿಸಿ ಮತ್ತೆ ನಂಬುವುದು ಸಾಧ್ಯವಿಲ್ಲ. ಹಾಗಾಗಿ ಇರುವ ಹಣದಲ್ಲಿ 20 ಟನ್ನಿನ ತೆಳು ಚೌಕಟ್ಟು ಮತ್ತು 12 ಟನ್ನಿನ ದಪ್ಪ ಚೌಕಟ್ಟು ಎರಡೂ ದೊರೆಯುವುದಾದರೆ, ಮನೆಯ ಕೆಲಸಕ್ಕೆ ಎರಡನೆಯದೇ ಉತ್ತಮ ಆಯ್ಕೆ.